ಒಂದೇ ಪ್ಯಾಕೆಟ್ ಉಪ್ಪು, ಮೂರು ಥರದ ಲೆಕ್ಕ: ಅಯೋಡಿನ್ ಟೈಟ್ರೇಶನ್ ಎಲ್ಲಿ ತಪ್ಪುತ್ತಿದೆ?

ಕೆಮಿಸ್ಟ್ರಿ ಉಪನ್ಯಾಸಕ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈ ಸಲ ಪ್ರಾಜೆಕ್ಟ್‌ಗೆ ಅಂತ ಒಂದು ಕೆಲಸ ಕೊಟ್ಟೆ. ಅವರವರ ಮನೆಯ ಉಪ್ಪು ತರಬೇಕು, ಅದರಲ್ಲಿ ಅಯೋಡಿನ್ ಎಷ್ಟಿದೆ ಅಂತ ಅವರೇ ಅಳೆಯಬೇಕು. ಮಕ್ಕಳು ಖುಷಿಯಿಂದ ತಂದರು. ಆದರೆ ಲೆಕ್ಕ ಕೂಡುತ್ತಿಲ್ಲ.

ನಾವು ಮಾಡಿದ್ದು ಇಷ್ಟು. 10 ಗ್ರಾಂ ಉಪ್ಪನ್ನು 50 ಮಿಲಿ ನೀರಲ್ಲಿ ಕರಗಿಸಿದೆವು. 2 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಸಲ್ಫ್ಯೂರಿಕ್ ಆಸಿಡ್ 1 ಮಿಲಿ, 10 ಪರ್ಸೆಂಟ್ ಪೊಟ್ಯಾಸಿಯಂ ಅಯೋಡೈಡ್ 5 ಮಿಲಿ ಹಾಕಿದೆವು. ಹತ್ತು ನಿಮಿಷ ಬಿಟ್ಟು, 0.005 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದೆವು, ಅಂದರೆ ಬ್ಯೂರೆಟ್ ಅನ್ನುವ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಅದನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಬಣ್ಣ ಹೋಗೋದಕ್ಕೆ ಎಷ್ಟು ಮಿಲಿ ಹಿಡಿಯಿತು ಅಂತ ನೋಡಿದೆವು. ಬಂದ ಮಿಲಿಗೆ 10.58 ಗುಣಿಸಿದರೆ ಪಿಪಿಎಂ, ಅಂದರೆ ಒಂದು ಕಿಲೋ ಉಪ್ಪಲ್ಲಿ ಎಷ್ಟು ಮಿಲಿಗ್ರಾಂ ಅಯೋಡಿನ್ ಅನ್ನೋ ಲೆಕ್ಕ.

ಅಂಗಡಿಯಿಂದ ಹೊಸದಾಗಿ ತಂದ ಒಂದೇ ಪ್ಯಾಕೆಟ್ ಪುಡಿ ಉಪ್ಪನ್ನು ಮೂರು ಗುಂಪಿಗೆ ಹಂಚಿದ್ದೆ. ಒಂದು ಗುಂಪಿಗೆ 2.9 ಮಿಲಿ, ಅಂದರೆ 30.7 ಪಿಪಿಎಂ. ಇನ್ನೊಂದಕ್ಕೆ 3.6 ಮಿಲಿ, ಅಂದರೆ 38.1. ಮೂರನೆಯದಕ್ಕೆ 2.2 ಮಿಲಿ, 23.3 ಮಾತ್ರ. ಇದರಲ್ಲಿ ಯಾವುದನ್ನು ನಂಬಲಿ?

ಕಾರಟಗಿ ಕಡೆಯ ಒಬ್ಬ ಹುಡುಗಿ ಹರಳುಪ್ಪು ತಂದಿದ್ದಳು. ಅವಳದ್ದಂತೂ ಒಂದೊಂದು ಸಲಕ್ಕೆ ಒಂದೊಂದು. 0.2 ಮಿಲಿ, ಆಮೇಲೆ 1.1, ಆಮೇಲೆ 0.5. "ಸರ್, ನಾನು ಏನು ತಪ್ಪು ಮಾಡ್ತಿದೀನಿ" ಅಂತ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಲ್ಯಾಬ್ ಕೆಮಿಸ್ಟ್, ಶಕ್ತಿನಗರ

ಸರ್, ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ನೀರು ಯಾವುದು? ಥಯೋಸಲ್ಫೇಟ್ ಯಾವಾಗ ಮಾಡಿದ್ದು? ಅಯೋಡಿನ್ ಇದ್ದರೆ ನೀಲಿ ತೋರಿಸುವ ಸ್ಟಾರ್ಚ್ ಯಾವಾಗ ಹಾಕುತ್ತಾರೆ? ಉಪ್ಪಿಲ್ಲದೆ ಬರೀ ನೀರಿನದು ಒಂದು ಟೈಟ್ರೇಶನ್ ಮಾಡಿದಿರಾ?

ಕೆಮಿಸ್ಟ್ರಿ ಉಪನ್ಯಾಸಕ, ಗಂಗಾವತಿ

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಸರ್. ಡಿಸ್ಟಿಲ್ಡ್ ವಾಟರ್ ಮಧ್ಯದಲ್ಲಿ ಮುಗಿಯಿತು, ಹಾಗಾಗಿ ನಲ್ಲಿ ನೀರನ್ನೇ ತಗೊಂಡೆವು. ಥಯೋಸಲ್ಫೇಟ್ ಎರಡು ತಿಂಗಳ ಹಿಂದೆ ಮಾಡಿಟ್ಟದ್ದು, ಬಿಳಿ ಬಾಟಲಿಯಲ್ಲಿತ್ತು. ಸ್ಟಾರ್ಚ್ ವಿಷಯ ಮಕ್ಕಳನ್ನು ಕೇಳಿದೆ. ಎರಡನೇ ಗುಂಪು ಮೊದಲೇ ಹಾಕಿಬಿಟ್ಟಿದೆ. ಅವರ ಫ್ಲಾಸ್ಕ್ ಕಿಟಕಿ ಪಕ್ಕ ಬಿಸಿಲಲ್ಲಿ ಅರ್ಧ ಗಂಟೆ ಇತ್ತಂತೆ. ಮೂರನೇ ಗುಂಪಿಗೆ ಮುಚ್ಚಳದ ಫ್ಲಾಸ್ಕ್ ಸಿಗಲಿಲ್ಲ, ತೆರೆದೇ ಇಟ್ಟಿದ್ದರು. ಬರೀ ನೀರಿನ ಟೈಟ್ರೇಶನ್, ಅಂದರೆ ಬ್ಲಾಂಕ್, ಮಾಡಿಲ್ಲ.

ನಿವೃತ್ತ ಲ್ಯಾಬ್ ಕೆಮಿಸ್ಟ್, ಶಕ್ತಿನಗರ

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಅರ್ಧ ಕೆಲಸ ಮುಗಿಯಿತು ಸರ್. ಮಕ್ಕಳ ಕೈ ಸರಿಯಾಗೇ ಇದೆ. ಒಂದೊಂದಾಗಿ ನೋಡೋಣ.

ನಮ್ಮ ದೇಶದಲ್ಲಿ ಉಪ್ಪಿಗೆ ಹಾಕುವುದು ಪೊಟ್ಯಾಸಿಯಂ ಅಯೋಡೇಟ್. ಅಯೋಡೈಡ್ ಅಲ್ಲ. ನಮ್ಮ ಬಿಸಿಲಿಗೆ, ಮಳೆಗಾಲದ ತೇವಕ್ಕೆ ಅಯೋಡೈಡ್ ಬೇಗ ಹಾರಿಹೋಗುತ್ತದೆ, ಅಯೋಡೇಟ್ ತಡೆದುಕೊಳ್ಳುತ್ತದೆ. ಈ ಅಯೋಡೇಟ್ ಆಸಿಡ್‌ನಲ್ಲಿ ನೀವು ಹಾಕಿದ ಅಯೋಡೈಡ್ ಜೊತೆ ಸೇರಿ ಅಯೋಡಿನ್ ಬಿಡುತ್ತದೆ. ಒಂದು ಅಯೋಡೇಟ್‌ಗೆ ಮೂರು ಅಣು ಅಯೋಡಿನ್. ಆ ಒಂದೊಂದು ಅಣುವಿಗೆ ಎರಡೆರಡು ಥಯೋಸಲ್ಫೇಟ್. ಒಟ್ಟು ಆರು. ಅದಕ್ಕೇ ಅಯೋಡಿನ್ ಪರಮಾಣು ತೂಕ 126.9 ಅನ್ನು 6ರಿಂದ ಭಾಗಿಸುವುದು. 21.15 ಬರುತ್ತದೆ. ಅದಕ್ಕೆ 0.005 ಗುಣಿಸಿ, 10 ಗ್ರಾಂ ಲೆಕ್ಕವನ್ನು ಕಿಲೋಗೆ ತಂದರೆ ನಿಮ್ಮ 10.58. ಅಂದರೆ ಬ್ಯೂರೆಟ್‌ನ ಒಂದು ಚಿಕ್ಕ ಗೆರೆ ಹೆಚ್ಚುಕಡಿಮೆ 1 ಪಿಪಿಎಂ. ಒಂದು ಹನಿ ಜಾಸ್ತಿ ಬಿದ್ದರೂ ಅರ್ಧ ಪಿಪಿಎಂ ವ್ಯತ್ಯಾಸ. ಇಷ್ಟು ನಾಜೂಕಿನ ಕೆಲಸ ಇದು.

ಈಗ ನೀರು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ. ಅದೂ ಅಯೋಡೈಡ್‌ನಿಂದ ಅಯೋಡಿನ್ ಬಿಡಿಸುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೂ ನಿಮ್ಮ 50 ಮಿಲಿ ನೀರು 0.28 ಮಿಲಿ ಥಯೋಸಲ್ಫೇಟ್ ತಿನ್ನುತ್ತದೆ. ಉಪ್ಪಲ್ಲಿ ಇಲ್ಲದ 3 ಪಿಪಿಎಂ ಸುಮ್ನೆ ಲೆಕ್ಕಕ್ಕೆ ಸೇರಿತು. ಉಪ್ಪು ಹಾಕದೆ ಅದೇ ನೀರು, ಅದೇ ಆಸಿಡ್, ಅದೇ ಅಯೋಡೈಡ್ ಹಾಕಿ ನೋಡಿ. ನೀಲಿ ಬಂದರೆ ಗೊತ್ತಾಗುತ್ತದೆ.

ಥಯೋಸಲ್ಫೇಟ್ ಇಟ್ಟಷ್ಟೂ ಸೋಲುತ್ತದೆ. ಬೆಳಕು, ನೀರಲ್ಲಿರುವ ಸೂಕ್ಷ್ಮಜೀವಿ, ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಎಲ್ಲ ಅದನ್ನು ಕೆಡಿಸುತ್ತವೆ. ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿಗೆ 1.24 ಗ್ರಾಂ ಹಾಕಿ ಒಂದು ಲೀಟರ್ ಮಾಡಿ, ಕಂದು ಬಾಟಲಿಯಲ್ಲಿ ಇಡಿ. ಆದರೂ ಪರೀಕ್ಷೆ ಮಾಡದೆ ಬಳಸಬೇಡಿ. ಒಣಗಿಸಿದ ಶುದ್ಧ ಪೊಟ್ಯಾಸಿಯಂ ಅಯೋಡೇಟ್ 0.1783 ಗ್ರಾಂ ಒಂದು ಲೀಟರಿಗೆ ಕರಗಿಸಿದರೆ ಅದೂ 0.005 ನಾರ್ಮಲ್. ಅದರ 10 ಮಿಲಿಗೆ ಥಯೋಸಲ್ಫೇಟ್ 10 ಮಿಲಿಯೇ ಹಿಡಿಯಬೇಕು. ಜಾಸ್ತಿ ಹಿಡಿದರೆ ನಿಮ್ಮದು ತೆಳುವಾಗಿದೆ ಅಂತ ಅರ್ಥ.

ಸ್ಟಾರ್ಚ್ ವಿಷಯಕ್ಕೆ ಮಕ್ಕಳಿಗೆ ಕಣ್ಣಿನ ಅಭ್ಯಾಸ ಬೇಕು. ಮೊದಲು ಫ್ಲಾಸ್ಕ್‌ನಲ್ಲಿ ಹಳದಿ ಇರುತ್ತದೆ. ಥಯೋಸಲ್ಫೇಟ್ ಬೀಳುತ್ತಾ ಬೀಳುತ್ತಾ ಅದು ಒಣ ಜೋಳದ ದಂಟಿನ ಬಣ್ಣಕ್ಕೆ ಬರುತ್ತದೆ. ಕೆಳಗೆ ಬಿಳಿ ಹಾಳೆ ಇಟ್ಟರಷ್ಟೇ ಕಾಣುವಷ್ಟು ತೆಳು. ಆವಾಗ ಸ್ಟಾರ್ಚ್ ಹಾಕಬೇಕು. ತಟ್ಟನೆ ಕಡುನೀಲಿ. ಆಮೇಲೆ ಹನಿ ಹನಿ. ಮೊದಲೇ ಹಾಕಿದರೆ ಸ್ಟಾರ್ಚ್ ಅಯೋಡಿನ್ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಡುವುದಕ್ಕೆ ತಡ ಮಾಡುತ್ತದೆ. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ.

ಬಿಸಿಲಿನ ಫ್ಲಾಸ್ಕ್‌ನಲ್ಲಿ ಗಾಳಿಯೇ ಅಯೋಡೈಡ್‌ನಿಂದ ಹೊಸ ಅಯೋಡಿನ್ ಹುಟ್ಟಿಸುತ್ತದೆ. ಲೆಕ್ಕ ಮೇಲೆ ಹೋಯಿತು. ತೆರೆದ ಫ್ಲಾಸ್ಕ್‌ನಲ್ಲಿ ಇದ್ದ ಅಯೋಡಿನ್ ಹಾರಿಹೋಯಿತು. ಲೆಕ್ಕ ಕೆಳಗೆ ಬಂತು. ನಿಮ್ಮ 38, ನಿಮ್ಮ 23 ಎರಡಕ್ಕೂ ಕಾರಣ ಸಿಕ್ಕಿತಲ್ಲ. ಮುಚ್ಚಳ ಹಾಕಿ, ಕಪಾಟಿನ ಕತ್ತಲಲ್ಲಿ ಹತ್ತು ನಿಮಿಷ ಇಡಿ.

ಇನ್ನೊಂದು ಮಾತು. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಈ ಕೆಲಸ ಬೇಡ. ಬಿಸಿ ಇದ್ದರೆ ಸ್ಟಾರ್ಚ್‌ನ ನೀಲಿಯೇ ಮಂಕಾಗುತ್ತದೆ. ಬೆಳಗ್ಗೆ ಮಾಡಿ.

ವಾಷಿಂಗ್ ಯುನಿಟ್, ಬಳ್ಳಾರಿ

ಮೇಲಿನ ಸರ್ ಕ್ಲೋರಿನ್ ಬಗ್ಗೆ ಹೇಳಿದ್ದು ಓದಿ ನನ್ನ ಕೆಲಸವೇ ಕಣ್ಣ ಮುಂದೆ ಬಂತು. ನಾನು ಜೀನ್ಸ್ ವಾಷಿಂಗ್‌ನಲ್ಲಿ ಇದ್ದೇನೆ. ಪ್ಯಾಂಟಿಗೆ ಬ್ಲೀಚ್ ಕೊಟ್ಟ ಮೇಲೆ ಬಟ್ಟೆಯಲ್ಲಿ ಉಳಿದ ಕ್ಲೋರಿನ್ ಸಾಯಿಸೋದಕ್ಕೆ ನಾವು ಹೈಪೋ ಹಾಕುತ್ತೇವೆ. ಆ ಹೈಪೋ ಅಂದರೆ ಇದೇ ಸೋಡಿಯಂ ಥಯೋಸಲ್ಫೇಟ್. ಹಾಕದಿದ್ದರೆ ಬಟ್ಟೆ ಹಳದಿ ತಿರುಗುತ್ತದೆ, ನೂಲು ಕೊಳೆತ ಹಾಗೆ ಆಗುತ್ತದೆ. ಹೈಪೋ ಕ್ಲೋರಿನ್ ತಿನ್ನುತ್ತದೆ ಅನ್ನೋದನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ಬ್ಯೂರೆಟ್‌ನಲ್ಲೂ ಅದೇ ಆಗುತ್ತಿದೆ ಅಲ್ವಾ?

ಮಕ್ಕಳಿಗೆ ಬೇಕಾದರೆ ನಮ್ಮಲ್ಲಿಂದ ಒಂದು ಕಿಲೋ ಕಳಿಸಲಾ?

ನಿವೃತ್ತ ಲ್ಯಾಬ್ ಕೆಮಿಸ್ಟ್, ಶಕ್ತಿನಗರ

ಸರಿಯಾಗಿ ಹಿಡಿದಿರಿ ಅಣ್ಣಾರೆ, ಅದೇ ಕೆಲಸ. ಆದರೆ ವಾಷಿಂಗ್ ಹೈಪೋ ಇದಕ್ಕೆ ಆಗಲ್ಲ, ಲ್ಯಾಬ್ ಗ್ರೇಡ್ ಬೇಕು. ಒಂದು ಲೀಟರಿಗೆ ಒಂದೂಕಾಲು ಗ್ರಾಂ ಸಾಕು, ಖರ್ಚು ಏನೂ ಇಲ್ಲ. ನೀವು ಕೇಳಿದ್ದೇ ದೊಡ್ಡದು.

ಆಶಾ ಕಾರ್ಯಕರ್ತೆ, ಕುಷ್ಟಗಿ

ನಮಸ್ಕಾರ ಸರ್. ನಮಗೆ ಉಪ್ಪು ನೋಡೋದಕ್ಕೆ ಚಿಕ್ಕ ಕಿಟ್ ಕೊಡುತ್ತಾರೆ. ಒಂದು ಚಮಚ ಉಪ್ಪು ಮಟ್ಟಸವಾಗಿ ಹರಡಿ, ಮೇಲೆ ಎರಡು ಹನಿ ಬಿಡುತ್ತೇವೆ. ನೀಲಿ ಬರುತ್ತದೆ. ಆ ನೀಲಿಯನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸುತ್ತೇವೆ. ಬಣ್ಣ ಬರಲೇ ಇಲ್ಲ ಅಂದರೆ ಬೇರೆ ಉಪ್ಪು ತಗೊಂಡು, ಇನ್ನೊಂದು ಬಾಟಲಿಯ ಹನಿ ಮೊದಲು ಹಾಕಿ, ಆಮೇಲೆ ಮತ್ತೆ ನೋಡಬೇಕು.

ನನಗೆ ಒಂದು ಅನುಮಾನ. ಎಷ್ಟೋ ಮನೆಯಲ್ಲಿ ತಿಳಿನೀಲಿ ಬರುತ್ತದೆ. ಅದು 15 ಪಿಪಿಎಂಗೆ ಮೇಲಾ, ಕೆಳಗಾ ಹೇಳೋಕೆ ಆಗಲ್ಲ. ಬಸುರಿ ಇರುವ ಮನೆಯಲ್ಲಿ ನನಗೆ ಸಂಕಟ ಆಗುತ್ತದೆ. "ನಿಮ್ಮ ಉಪ್ಪು ಚೆನ್ನಾಗಿದೆ" ಅಂದುಬಿಟ್ಟು, ಅದು ಇಲ್ಲದಿದ್ದರೆ? ಹೊಟ್ಟೆಯಲ್ಲಿರುವ ಕೂಸಿನ ಮೆದುಳು ಬೆಳೆಯೋದಕ್ಕೆ ಅಯೋಡಿನ್ ಬೇಕು ಅಂತ ತರಬೇತಿಯಲ್ಲಿ ಹೇಳಿದ್ದಾರೆ.

ಕೆಮಿಸ್ಟ್ರಿ ಉಪನ್ಯಾಸಕ, ಗಂಗಾವತಿ

ಅಕ್ಕಾರೆ, ನಿಮ್ಮ ಸಂಕಟ ಸರಿಯಾದದ್ದೇ. ಅಯೋಡಿನ್ ಇದೆಯಾ, ಇಲ್ಲವಾ ಅಂತ ಕಿಟ್ ಚೆನ್ನಾಗಿ ಹೇಳುತ್ತದೆ. ಎಷ್ಟಿದೆ ಅನ್ನೋದನ್ನು ಅಂದಾಜಿಗೆ ಮಾತ್ರ ಹೇಳುತ್ತದೆ. ಸಂಜೆ ಬೆಳಕಲ್ಲಿ ಒಬ್ಬರಿಗೆ ಕಡುನೀಲಿ ಕಂಡದ್ದು ಇನ್ನೊಬ್ಬರಿಗೆ ತಿಳಿನೀಲಿ. ನಿಖರ ಲೆಕ್ಕ ಬೇಕಂದರೆ ಟೈಟ್ರೇಶನ್ನೇ ಗತಿ.

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬಸುರಿಯರಿಗೆ 250. ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ, 30 ಪಿಪಿಎಂ ಉಪ್ಪಿನಿಂದ 150 ಸಿಗುತ್ತದೆ. 15 ಪಿಪಿಎಂ ಇದ್ದರೆ 75 ಮಾತ್ರ. ಅಂಗಡಿಯಲ್ಲಿ ಮಾರುವ ಉಪ್ಪಿನಲ್ಲಿ 15ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮ ಇದೆ. ಅದಕ್ಕೇ ಈ 15ರ ಗಡಿ ನಮಗೆ ಅಷ್ಟು ಮುಖ್ಯ. ಟೈಟ್ರೇಶನ್‌ನಲ್ಲಿ ಅದು 1.4 ಮಿಲಿ ಸುತ್ತಮುತ್ತ ಬರುತ್ತದೆ.

ಗೃಹಿಣಿ, ರಾಯಚೂರು

ನಾನು ಕೆಮಿಸ್ಟ್ರಿ ಓದಿದವಳಲ್ಲ. ಮನೆಯಲ್ಲಿ ಮಾಡಿ ನೋಡಿದ್ದು ಹೇಳುತ್ತೇನೆ. ಆಲೂಗಡ್ಡೆ ಕೊಯ್ದು, ಮೇಲೆ ಉಪ್ಪು ಉದುರಿಸಿ, ಒಂದು ನಿಮಿಷ ಬಿಟ್ಟು, ನಿಂಬೆಹಣ್ಣಿನ ರಸ ಹಾಕಿದರೆ ನೀಲಿ ಬರುತ್ತದೆ ಅಂತ ಹೇಳಿದ್ದರು. ಮೊದಲ ಸಲ ಚೆನ್ನಾಗಿ ಹಿಂಡಿದೆ. ಏನೂ ಬರಲಿಲ್ಲ. ಅದೇ ಉಪ್ಪಿಗೆ ಮರುದಿನ ಎರಡೇ ಹನಿ ಹಾಕಿದೆ. ನೀಲಿ ಚುಕ್ಕೆ ಬಂತು. ಯಾಕೆ ಹೀಗೆ?

ಇನ್ನೊಂದು. ನಮ್ಮ ಅತ್ತೆ ಕಾಲದಿಂದ ಹರಳುಪ್ಪು ಒಂದು ಸಲ ತೊಳೆದೇ ಬಳಸುತ್ತೇವೆ. ಮಣ್ಣು, ಕಸ ಇರುತ್ತದೆ ಅಂತ. ತೊಳೆದರೆ ಅಯೋಡಿನ್ ಹೋಗುತ್ತದಾ?

ನಿವೃತ್ತ ಲ್ಯಾಬ್ ಕೆಮಿಸ್ಟ್, ಶಕ್ತಿನಗರ

ತುಂಬಾ ಒಳ್ಳೆಯ ಪ್ರಶ್ನೆ ಅಮ್ಮಾ. ನಿಂಬೆಯ ಸಿ ವಿಟಮಿನ್ ಅಯೋಡೇಟ್‌ನಿಂದ ಅಯೋಡಿನ್ ಬಿಡಿಸುತ್ತದೆ. ಅದಕ್ಕೆ ಆಲೂಗಡ್ಡೆಯ ಪಿಷ್ಟ ನೀಲಿ ಆಗುತ್ತದೆ. ರಸ ಜಾಸ್ತಿ ಆದರೆ ಅದೇ ವಿಟಮಿನ್ ಹುಟ್ಟಿದ ಅಯೋಡಿನ್ ಅನ್ನೂ ಅಯೋಡೈಡ್ ಮಾಡಿಬಿಡುತ್ತದೆ. ಅಯೋಡೈಡ್‌ಗೆ ಪಿಷ್ಟದಲ್ಲಿ ಬಣ್ಣ ಇಲ್ಲ. ಎರಡು ಹನಿ ಅಂದರೆ ಎರಡೇ ಹನಿ.

ಹರಳುಪ್ಪು ತೊಳೆದರೆ ಹೋಗುತ್ತದೆ. ಅಯೋಡೇಟ್ ಹರಳಿನ ಒಳಗೆ ಇರುವುದಿಲ್ಲ. ಕಾರ್ಖಾನೆಯಲ್ಲಿ ಅದರ ನೀರನ್ನು ಮೇಲೆ ಸಿಂಪಡಿಸಿರುತ್ತಾರೆ. ಮೈಮೇಲೆ ಅಂಟಿಕೊಂಡಿರುತ್ತದೆ. ತೊಳೆದ ನೀರು ಚೆಲ್ಲಿದರೆ ಅದೂ ಚೆಲ್ಲಿತು. ಕಸದ ಚಿಂತೆ ಇದ್ದರೆ ಉಪ್ಪನ್ನು ನೀರಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆ ಉಪ್ಪುನೀರನ್ನೇ ಅಡುಗೆಗೆ ಹಾಕಿ. ಮಣ್ಣು ಕೆಳಗೆ ಉಳಿಯುತ್ತದೆ, ಅಯೋಡೇಟ್ ನೀರಲ್ಲೇ ಇರುತ್ತದೆ.

ಸ್ಯಾಂಪ್ಲಿಂಗ್ ಕೆಲಸಗಾರ, ಹಟ್ಟಿ

ಎಲ್ಲರೂ ಟೈಟ್ರೇಶನ್ ಬಗ್ಗೆ ಹೇಳುತ್ತಿದ್ದೀರಿ. ಆ ಕಾರಟಗಿ ಹುಡುಗಿ ವಿಷಯ ಯಾರೂ ಎತ್ತಲಿಲ್ಲ. ಅವಳು ತಪ್ಪು ಮಾಡಿಲ್ಲ ಸರ್. ಅವಳ ಮೂರು ಲೆಕ್ಕವೂ ಸರಿ ಇರಬಹುದು.

ನಾನು ಚಿನ್ನದ ಗಣಿಯಲ್ಲಿ ಅದಿರಿನ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದೆ. ಒಂದು ಟನ್ ಅದಿರಿನಲ್ಲಿ ಚಿನ್ನ ಕೆಲವೇ ಗ್ರಾಂ. ಕೈಗೆ ಸಿಕ್ಕ ಒಂದು ಕಲ್ಲು ತಗೊಂಡು ಹೋಗಿ ಕೊಟ್ಟರೆ ಲ್ಯಾಬ್‌ನವರು ಎಷ್ಟು ಚೆನ್ನಾಗಿ ಅಳೆದರೂ ಅದು ಆ ಕಲ್ಲಿನ ಲೆಕ್ಕ, ರಾಶಿಯ ಲೆಕ್ಕ ಅಲ್ಲ. ನಿಮ್ಮ ಉಪ್ಪಲ್ಲೂ ಹಾಗೇ. ಕಿಲೋಗೆ 15 ಮಿಲಿಗ್ರಾಂ ಹುಡುಕುತ್ತಿದ್ದೀರಿ. ಅದೂ ಹರಳಿನ ಮೈಮೇಲೆ. 10 ಗ್ರಾಂ ಅಂದರೆ ಒಂದು ಸಣ್ಣ ಹಿಡಿ ಹರಳು. ಒಂದು ಹಿಡಿಯಲ್ಲಿ ಚೆನ್ನಾಗಿ ಸಿಂಪಡಿಸಿದ ಹರಳು ಬಂದಿರಬಹುದು, ಇನ್ನೊಂದರಲ್ಲಿ ಬರದೇ ಇರಬಹುದು.

ಹೀಗೆ ಮಾಡಿ. ಚೀಲದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆಯಿಂದ ಒಟ್ಟು ಒಂದು ಕಿಲೋ ತೆಗೆಯಿರಿ. ಒರಳಲ್ಲೋ ಕುಟ್ಟಾಣಿಯಲ್ಲೋ ಪುಡಿ ಮಾಡಿ. ಒಣ ಹಾಳೆ ಮೇಲೆ ಸುರಿದು ಗುಡ್ಡೆ ಮಾಡಿ. ಗುಡ್ಡೆಯ ನೆತ್ತಿ ಒತ್ತಿ ರೊಟ್ಟಿ ಥರ ಚಪ್ಪಟೆ ಮಾಡಿ. ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ತೆಗೆದು ಹಾಕಿ. ಉಳಿದದ್ದನ್ನು ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. 60 ಗ್ರಾಂ ಆಗುವವರೆಗೂ ಇದೇ ಕೆಲಸ. ನಾವು ಅದಿರಿಗೆ ಮಾಡುತ್ತಿದ್ದದ್ದು ಇದನ್ನೇ. ಬೇಸರ ಬರುತ್ತದೆ, ಆದರೆ ಬಿಡಬೇಡಿ.

ಕೊನೆಗೆ 10 ಗ್ರಾಂ ತೂಗುವ ಬದಲು 50 ಗ್ರಾಂ ಕರಗಿಸಿ 250 ಮಿಲಿ ಮಾಡಿ, ಅದರಿಂದ 50 ಮಿಲಿ ತಗೊಳ್ಳಿ. ಅದರಲ್ಲಿ 10 ಗ್ರಾಮೇ ಇರುತ್ತದೆ, ಆದರೆ 50 ಗ್ರಾಮಿನ ಸರಾಸರಿ ಅದು.

ಮೇಲೆ, ನಡುವೆ, ತಳ ಬೇರೆ ಬೇರೆಯಾಗಿಯೂ ಒಂದು ಸಲ ಅಳೆಯಿರಿ. ನನಗೆ ಏನೋ ಅನುಮಾನ ಇದೆ.

ಕಿರಾಣಿ ಅಂಗಡಿ, ಸಿಂಧನೂರು

ಹಟ್ಟಿ ಅಣ್ಣಾರ ಅನುಮಾನ ನನಗೂ ಇದೆ. ಮೂವತ್ತು ವರ್ಷದಿಂದ ಉಪ್ಪಿನ ಚೀಲ ಇಳಿಸುತ್ತಿದ್ದೇನೆ. ಮಳೆಗಾಲದಲ್ಲಿ ಲಾರಿ ತಾಡಪತ್ರಿ ಸೋರಿದರೆ ಚೀಲದ ತಳ ಒದ್ದೆ ಆಗಿರುತ್ತದೆ. ನೆಲಕ್ಕೆ ಇಟ್ಟರೆ ಎರಡು ದಿನದಲ್ಲಿ ಫರಸಿ ಕಲ್ಲಿನ ಮೇಲೆ ಉಪ್ಪುನೀರಿನ ಗುರುತು. ಮೇಲಿನ ಉಪ್ಪು ಮಾತ್ರ ಗರಿಗರಿ. ಆ ನೀರಿನ ಜೊತೆ ಅಯೋಡಿನ್ನೂ ಇಳಿದು ಹೋಗುತ್ತಾ ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ದನಕ್ಕೆ, ಚರ್ಮಕ್ಕೆ, ಉಪ್ಪಿನಕಾಯಿಗೆ ಅಂತ ಅಯೋಡಿನ್ ಇಲ್ಲದ ಉಪ್ಪು ಕೇಳುವವರು ಇದ್ದಾರೆ. ಅಡುಗೆ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವಂತಿಲ್ಲ, 2006ರ ಮೇ ತಿಂಗಳಿಂದ ದೇಶದಲ್ಲೆಲ್ಲ ಅದೇ ಕಾನೂನು. ಆದರೆ ದನಕ್ಕೆ ಅಂತ ತಂದದ್ದು ಅದೇ ಮನೆಯ ಅಡುಗೆಗೂ ಹೋಗುತ್ತದೆ. ಹಳೇ ಗಿರಾಕಿಗಳಿಗೆ ನಾನು ಇದನ್ನು ಬಾಯಿಬಿಟ್ಟು ಹೇಳುತ್ತೇನೆ.

ಬಿಎಸ್ಸಿ ವಿದ್ಯಾರ್ಥಿನಿ, ಬಳ್ಳಾರಿ

ಒಂದು ಚಿಕ್ಕ ಪ್ರಶ್ನೆ. ಎಂಡ್ ಪಾಯಿಂಟ್ ಬಂದು ಬಣ್ಣ ಹೋದ ಮೇಲೆ ಎರಡು ಮೂರು ನಿಮಿಷಕ್ಕೆ ಮತ್ತೆ ನೀಲಿ ಬರುತ್ತದೆ. ಮತ್ತೆ ಥಯೋಸಲ್ಫೇಟ್ ಹಾಕಬೇಕಾ? ನನ್ನ ಸ್ಟಾರ್ಚ್ ಕೂಡ ಎರಡೇ ದಿನಕ್ಕೆ ಹಳಸುತ್ತದೆ.

ನಿವೃತ್ತ ಲ್ಯಾಬ್ ಕೆಮಿಸ್ಟ್, ಶಕ್ತಿನಗರ

ಹಾಕಬಾರದು ತಂಗಿ. ಅದು ಗಾಳಿಯಿಂದ ಹುಟ್ಟಿದ ನೀಲಿ, ಉಪ್ಪಿನದಲ್ಲ. ಮೊದಲ ಸಲ ಬಣ್ಣ ಹೋದಾಗಿನ ರೀಡಿಂಗೇ ಲೆಕ್ಕ. ಸ್ಟಾರ್ಚ್ ಅನ್ನು ಉಪ್ಪು ತುಂಬಿದ ನೀರಲ್ಲಿ, ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಲ್ಲಿ ಮಾಡು. ಬಹಳ ದಿನ ಬರುತ್ತದೆ. ಆದರೆ ಆ ಉಪ್ಪಲ್ಲಿ ಅಯೋಡಿನ್ ಇರಬಾರದು, ಲ್ಯಾಬಿನ ಸೋಡಿಯಂ ಕ್ಲೋರೈಡ್ ತಗೋ.

ಮರೆತಿದ್ದೆ. ಕಬ್ಬಿಣವನ್ನೂ ಬೆರೆಸಿದ ಉಪ್ಪು ಬರುತ್ತದೆ. ಅದಕ್ಕೆ ಈ ಲೆಕ್ಕ ನಂಬಬೇಡಿ. ಕಬ್ಬಿಣವೂ ಅಯೋಡೈಡ್ ಜೊತೆ ಆಟ ಆಡುತ್ತದೆ. ಅಲ್ಲಿ ಸಲ್ಫ್ಯೂರಿಕ್ ಬದಲು ಫಾಸ್ಫಾರಿಕ್ ಆಸಿಡ್ ಬೇಕು.

ಕೆಮಿಸ್ಟ್ರಿ ಉಪನ್ಯಾಸಕ, ಗಂಗಾವತಿ

ಎರಡು ವಾರ ಆಯಿತು, ಕ್ಷಮಿಸಿ. ನೀವು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆವು.

ಮೊದಲು ನಲ್ಲಿ ನೀರಿನ ಬ್ಲಾಂಕ್. 0.3 ಮಿಲಿ! ಉಪ್ಪೇ ಇಲ್ಲದ ಫ್ಲಾಸ್ಕ್‌ನಲ್ಲಿ ನೀಲಿ ಬಂದದ್ದು ನೋಡಿ ಮಕ್ಕಳು ಬಾಯಿ ಮೇಲೆ ಕೈ ಇಟ್ಟರು. ಹಳೇ ಥಯೋಸಲ್ಫೇಟ್ ಪರೀಕ್ಷೆ ಮಾಡಿದರೆ 10 ಮಿಲಿ ಅಯೋಡೇಟ್‌ಗೆ 11.2 ಮಿಲಿ ಹಿಡಿಯಿತು. ಮೊದಲ ಗುಂಪಿನ 2.9ರಲ್ಲಿ 0.3 ಕಳೆದು, ಆ ತೆಳುವಿನ ಲೆಕ್ಕವನ್ನೂ ಸೇರಿಸಿದರೆ 24.6 ಪಿಪಿಎಂ.

ಆಮೇಲೆ ಹೊಸ ಥಯೋಸಲ್ಫೇಟ್, ಡಿಸ್ಟಿಲ್ಡ್ ನೀರು, ಮುಚ್ಚಳ, ಕಪಾಟು. ಬೆಳಗ್ಗೆ ಎಂಟಕ್ಕೇ ಶುರು ಮಾಡಿದೆವು. ಅದೇ ಪ್ಯಾಕೆಟ್, ಅದೇ ಮೂರು ಗುಂಪು. 2.3, 2.4, 2.3. ಮೂರೂ 24, 25ರ ಹತ್ತಿರವೇ. ಎರಡನೇ ಗುಂಪಿನ ಹುಡುಗ ಬ್ಯೂರೆಟ್ ಮುಚ್ಚಿ ಸುಮ್ಮನೆ ನಿಂತುಬಿಟ್ಟ. ಆಮೇಲೆ ಮತ್ತೊಂದು ಸಲ ತಾನೇ ಮಾಡಿ ನೋಡಿದ.

ರಾಯಚೂರು ಅಮ್ಮನವರ ಪ್ರಶ್ನೆಗೂ ಅಳೆದೆವು. ಒಂದೇ ಹರಳುಪ್ಪು, ತೊಳೆಯದ್ದಕ್ಕೆ 1.6 ಮಿಲಿ, ಅಂದರೆ 16.9. ಒಂದು ಸಲ ತೊಳೆದದ್ದಕ್ಕೆ 0.4 ಮಿಲಿ, 4.2 ಮಾತ್ರ. ಒಬ್ಬ ಹುಡುಗ ಸೈಂಧವ ಲವಣ ತಂದಿದ್ದ. ಅದಕ್ಕೆ ಸ್ಟಾರ್ಚ್ ಹಾಕಿದರೆ ನೀಲಿ ಸುಳಿಯಲೇ ಇಲ್ಲ.

ಇನ್ನು ಕಾರಟಗಿ ಚೀಲ. ಅವರ ಮನೆಯಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷಕ್ಕೆ ಆಗುವಷ್ಟು ಉಪ್ಪು ತಂದಿಡುತ್ತಾರೆ. ಚೀಲ ಬಚ್ಚಲಿನ ಗೋಡೆ ಪಕ್ಕ ಇರುತ್ತದೆ. ಅವಳು ಅಪ್ಪನ ಜೊತೆ ಚೀಲ ಬಿಚ್ಚಿ ಮೂರು ಕಡೆಯ ಉಪ್ಪು ಬೇರೆ ಬೇರೆ ಕವರಿನಲ್ಲಿ ತಂದಳು. ಮೇಲಿನದು 0.2 ಮಿಲಿ, 2.1 ಪಿಪಿಎಂ. ನಡುವಿನದು 0.8 ಮಿಲಿ, 8.5. ತಳದ್ದು 1.9 ಮಿಲಿ, 20.1. ಮೂರನ್ನೂ ಕುಟ್ಟಿ, ರೊಟ್ಟಿ ಥರ ತಟ್ಟಿ, ನಾಲ್ಕು ಪಾಲು ಮಾಡುತ್ತಾ ಬಂದದ್ದಕ್ಕೆ 0.9 ಮಿಲಿ, 9.5.

ಅವಳು ಬೋರ್ಡಿನ ಮೇಲೆ ಬರೆದ ಈ ಲೆಕ್ಕವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಸರ್, ನಾವು ಈಗ ಆರು ತಿಂಗಳಿಂದ ಮೇಲಿನದೇ ತಿಂತಿದೀವಿ. ಅಕ್ಕ ಬಾಣಂತನಕ್ಕೆ ಬಂದಿದಾಳೆ."

ಅವತ್ತು ಸಂಜೆಯೇ ಅವಳ ಅಪ್ಪ ಅಂಗಡಿಯಿಂದ ಪ್ಯಾಕೆಟ್ ಉಪ್ಪು ತಂದರಂತೆ.

ಸ್ಯಾಂಪ್ಲಿಂಗ್ ಕೆಲಸಗಾರ, ಹಟ್ಟಿ

ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ಸರ್. ಚೀಲದ ಮೂರೂ ಕಡೆ ಹೋಗಿ ತಂದದ್ದು ಅವಳೇ.

ಕಿರಾಣಿ ಅಂಗಡಿ, ಸಿಂಧನೂರು

ಇವತ್ತೇ ಉಪ್ಪಿನ ಚೀಲದ ಕೆಳಗೆ ಹಲಗೆ ಹಾಕಿಸಿದೆ. ಗೋಡೆಯಿಂದ ಒಂದು ಮೊಳ ದೂರ ಇಟ್ಟಿದ್ದೇನೆ.

ಆಶಾ ಕಾರ್ಯಕರ್ತೆ, ಕುಷ್ಟಗಿ

ಸರ್, ನಮ್ಮ ಊರಲ್ಲಿ ಬಸುರಿ ಬಾಣಂತಿಯರು ಇರುವ ಹನ್ನೊಂದು ಮನೆ ಇವೆ. ಅವರ ಉಪ್ಪು ತಂದರೆ ಮಕ್ಕಳು ನೋಡಿಕೊಡುತ್ತಾರಾ?

ಕೆಮಿಸ್ಟ್ರಿ ಉಪನ್ಯಾಸಕ, ಗಂಗಾವತಿ

ತನ್ನಿ ಅಕ್ಕಾರೆ, ಶನಿವಾರ ಬೆಳಗ್ಗೆ ಬನ್ನಿ. ಒಂದೊಂದು ಮನೆಯಿಂದ 100 ಗ್ರಾಂ ಸಾಕು. ಗಾಳಿಯಾಡದ ಒಣ ಕವರಿಗೆ ಹಾಕಿ, ಬಿಸಿಲಿಗೆ ಇಡಬೇಡಿ. ಡಬ್ಬಿಯದಾ ಚೀಲದ್ದಾ, ಚೀಲದ್ದಾದರೆ ಮೇಲಿನದಾ ತಳದ್ದಾ ಅಂತ ಕವರ್ ಮೇಲೆ ಬರೆಯಿರಿ. ಪುಡಿಯೋ ಹರಳೋ, ತೊಳೆಯುತ್ತಾರಾ ಇಲ್ಲವಾ ಅದನ್ನೂ ಕೇಳಿಕೊಂಡು ಬನ್ನಿ. ಹನ್ನೊಂದಕ್ಕೂ ಎರಡೆರಡು ಸಲ ಮಾಡುತ್ತೇವೆ. ಕಾರಟಗಿ ಹುಡುಗಿ ಆಗಲೇ ಫ್ಲಾಸ್ಕ್ ತೊಳೆದು ಒಣಗಿಸಿ ಇಟ್ಟಿದ್ದಾಳೆ.